ಒಂದೇ ಸ್ವರದ ಅಭಿಮಾನ: ಕಾಸರಗೋಡಿನ ಭಾಗವತಿಕೆ ಕೇಳುಗರ ಬಳಗಗಳ ಕುರಿತು

ಗಡಿನಾಡಿನ ಕನ್ನಡ ಅಂತ ಹೇಳುವಾಗ ನಾವು ಶಾಲೆ, ಅರ್ಜಿ ನಮೂನೆ, ಬಸ್ಸಿನ ಬೋರ್ಡು ಇವುಗಳ ಬಗ್ಗೆ ಮಾತಾಡ್ತೇವೆ. ಮಾತಾಡಲೇಬೇಕು. ನಾನು ಇವತ್ತು ಹೇಳಹೊರಟದ್ದು ಕಿವಿಯ ಬಗ್ಗೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಯಕ್ಷಗಾನ ಪದ್ಯಗಳ ತುಣುಕುಗಳನ್ನು ಮೊಬೈಲಿನಲ್ಲಿ ಹಂಚಿಕೊಂಡು ಕೇಳುವ ಬಳಗಗಳು ಬೇಕಾದಷ್ಟು ಇವೆ. ಅಂಥ ಕೆಲವು ಬಳಗಗಳಲ್ಲಿ ನಾನೂ ಇದ್ದೇನೆ. ಮಲಯಾಳ ಮಾಧ್ಯಮದಲ್ಲಿ ಓದುವ ಹುಡುಗ ಹುಡುಗಿಯರು ದಿನಕ್ಕೊಂದು ಸಲವಾದರೂ ಒಳ್ಳೆಯ ಕನ್ನಡ ಕೇಳುವ ಜಾಗ ಕೆಲವರ ಪಾಲಿಗೆ ಇದೊಂದೇ. ಆದ್ದರಿಂದ ಇವು ಹೇಗೆ ನಡೆಯುತ್ತವೆ ಎಂಬುದು ಬರೀ ಹವ್ಯಾಸದ ಪ್ರಶ್ನೆಯಾಗಿ ನನಗೆ ಕಾಣುವುದಿಲ್ಲ.

ಇಲ್ಲಿ ನಡೆಯುವುದು ಏನು? ಒಬ್ಬರು ಎರಡು ಮೂರು ನಿಮಿಷದ ಪದ್ಯ ಹಾಕ್ತಾರೆ. ಕೆಳಗೆ ಕೈಮುಗಿದ ಚಿತ್ರಗಳು, ‘ಅದ್ಭುತ’, ‘ಗಾನಗಂಧರ್ವ’, ‘ಇನ್ನೊಬ್ಬರಿಲ್ಲ’. ಮರುದಿನ ಅದೇ ಭಾಗವತರು, ಬೇರೆ ಪದ್ಯ, ಅದೇ ಹೊಗಳಿಕೆ. ಹೊರಗಿನಿಂದ ನೋಡಿದರೆ ಬಳಗ ತುಂಬ ಚುರುಕಾಗಿದೆ ಅನ್ನಿಸುತ್ತದೆ. ಆದರೆ ಒಂದು ತಿಂಗಳು ಕೂತು ಓದಿದರೆ ಯಾರೂ ಯಾರಿಗೂ ಏನನ್ನೂ ಹೇಳಿಲ್ಲ ಅಂತ ಗೊತ್ತಾಗುತ್ತದೆ. ಬಳಗಗಳು ಜಗಳದಿಂದ ಒಡೆಯುತ್ತವೆ ಅನ್ನುವುದು ರೂಢಿಯ ಮಾತು. ನಾನು ಕಂಡ ಬಳಗಗಳು ಸೊರಗಿದ್ದು ಹೊಗಳಿಕೆಯಿಂದ.

ಇದರ ಮೂಲ ಪದ್ಯವನ್ನು ಪ್ರಸಂಗದಿಂದ ಕಿತ್ತು ಕೇಳುವುದರಲ್ಲಿದೆ. ಭಾಗವತಿಕೆ ಕಛೇರಿಯಲ್ಲ. ಭಾಗವತರು ಆಟವನ್ನು ನಡೆಸುವವರು. ಪದ್ಯ ಮುಗಿದ ಮೇಲೆ ಪಾತ್ರಧಾರಿಯ ಮಾತು ಉಂಟು, ಆ ಮಾತು ಎಲ್ಲಿಂದ ಏಳಬೇಕು ಅನ್ನುವುದನ್ನು ಪದ್ಯವೇ ಹೇಳಿಕೊಡುತ್ತದೆ. ಪಾರ್ತಿಸುಬ್ಬನ ‘ಪಂಚವಟಿ’ಯಲ್ಲಿ ಮಾಯಾ ಶೂರ್ಪನಖಿ ರಾಮನ ಮುಂದೆ ಬರುವ ಭಾಗ ತೆಗೆದುಕೊಳ್ಳಿ. ಅಲ್ಲಿ ಹಾಡಿನಲ್ಲಿ ಇಂಪು ಬೇಕು, ಜೊತೆಗೆ ಆ ಇಂಪು ಸುಳ್ಳು ಅನ್ನುವ ಗುಮಾನಿಯೂ ಬೇಕು. ತುಣುಕಿನಲ್ಲಿ ಕೇಳುವವನಿಗೆ ಇಂಪು ಮಾತ್ರ ಸಿಗುತ್ತದೆ. ಒಮ್ಮೆ ಒಬ್ಬ ಹಿರಿಯರು ಕೇಳಿಬಿಟ್ಟರು: “ಆಲಾಪನೆ ಇಷ್ಟು ಎಳೆದರೆ ಅವಳ ಕಪಟ ಎಲ್ಲಿ ಹೋಯ್ತು ಮಾರಾಯ್ರೇ?” ಆ ದಿನ ರಾತ್ರಿಯವರೆಗೆ ಚರ್ಚೆ. ಚೆಂಡೆ ಬಾರಿಸುವ ಒಬ್ಬರು ಬಂದರು, ಅರ್ಥ ಹೇಳುವವರೊಬ್ಬರು ಬಂದರು, ಪ್ರಸಂಗ ಪುಸ್ತಕದಲ್ಲಿ ಪದ್ಯದ ತಲೆಯ ಮೇಲೆ ಅಚ್ಚಾದ ರಾಗ ತಾಳವನ್ನು ಹಾಡುವವರು ಎಷ್ಟು ಪಾಲಿಸಬೇಕು ಅನ್ನುವಲ್ಲಿಗೆ ಮಾತು ಹೋಯಿತು. ಆ ಬಳಗದ ಅತ್ಯಂತ ಜೀವಂತ ದಿನ ಅದು. ಮರುದಿನ ನಿರ್ವಾಹಕರು ‘ಕಲಾವಿದರ ಬಗ್ಗೆ ಟೀಕೆ ಬೇಡ’ ಅಂತ ಸೂಚನೆ ಹಾಕಿದರು. ಹಿರಿಯರು ಆಮೇಲೆ ಬರೆಯಲಿಲ್ಲ.

ಗಾನವೈಭವ, ದ್ವಂದ್ವ ಹಾಡುಗಾರಿಕೆ ಇವೇ ಎಲ್ಲವನ್ನೂ ಹಾಳು ಮಾಡಿದವು ಅನ್ನುವವರ ಜೊತೆ ನಾನು ಸೇರುವುದಿಲ್ಲ. ಅರ್ಥಗಾರಿಕೆಯ ಕನ್ನಡ ಹಿಡಿಯಲಾಗದ ಎಳೆಯರು ಮೊದಲು ಒಳಗೆ ಬರುವುದು ಹಾಡಿನ ಬಾಗಿಲಿಂದಲೇ. ಬಂದವರನ್ನು ಅಲ್ಲೇ ಜಗಲಿಯಲ್ಲಿ ಕೂರಿಸಿಬಿಡುವುದು ನಮ್ಮ ತಪ್ಪು.

ಬಲಿಪ ನಾರಾಯಣ ಭಾಗವತರ ಉದಾಹರಣೆ ನೋಡಿ. 1938ರಲ್ಲಿ ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿ, ಮುಂದೆ ಮೂಡುಬಿದಿರೆಯ ಹತ್ತಿರ ನೆಲೆಸಿ, ಕಟೀಲು ಮೇಳದಲ್ಲಿ ದೀರ್ಘಕಾಲ ಹಾಡಿ, 2023ರಲ್ಲಿ ತೀರಿಕೊಂಡವರು. ಅವರ ಅಭಿಮಾನಿಗಳು ಹಂಚುವ ಹತ್ತು ತುಣುಕಿನಲ್ಲಿ ಒಂಬತ್ತು ಏರುಶ್ರುತಿಯವು. ಆ ಕಂಠ ದೊಡ್ಡದು, ಸಂಶಯವಿಲ್ಲ. ಆದರೆ ಐದು ದಿನಗಳ ‘ದೇವಿಮಹಾತ್ಮೆ’ಯನ್ನು ರಚಿಸಿದ ಪ್ರಸಂಗಕರ್ತ, ನೂರಾರು ಪದ್ಯಗಳನ್ನು ಬಾಯಲ್ಲೇ ಇಟ್ಟುಕೊಂಡು ಆಟ ನಡೆಸಿದ ಬಲ್ಲಿದ ಈ ತುಣುಕುಗಳಲ್ಲಿ ಎಲ್ಲಿದ್ದಾರೆ? ಅಭಿಮಾನ ಅವರನ್ನು ದೊಡ್ಡದು ಮಾಡಲು ಹೋಗಿ ಒಂದು ಶ್ರುತಿಗೆ ಇಳಿಸಿದೆ. ಇನ್ನೊಂದು ಕಡೆ ಲೀಲಾವತಿ ಬೈಪಾಡಿತ್ತಾಯರು. ಮಧೂರಿನಲ್ಲಿ ಹುಟ್ಟಿದವರು, ಕರ್ನಾಟಕ ಸಂಗೀತ ಕಲಿತು ಬಂದು, ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ ಯಕ್ಷಗಾನದ ಪಾಠ ಪಡೆದು ಮೇಳದ ತಿರುಗಾಟ ಮಾಡಿದವರು. ಅವರ ಹಾಡು ಹಾಕಿದಾಗ ‘ಹೆಂಗಸಾದರೂ’ ಎಂದು ಶುರುವಾಗುವ ಮೆಚ್ಚುಗೆ ಬರುತ್ತದೆ. ಶಾಸ್ತ್ರೀಯ ಕಲಿಕೆಯನ್ನು ಅವರು ಪದ್ಯದ ಓಟಕ್ಕೆ ಹೇಗೆ ಒಗ್ಗಿಸಿಕೊಂಡರು ಅಂತ ಕೇಳಿದವರನ್ನು ನಾನು ಕಂಡಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಅದು.

ಲಿಪಿಯ ಸಂಗತಿಗೂ ಬರ್ತೇನೆ, ಯಾಕಂದ್ರೆ ಅದು ನಮ್ಮ ಗಡಿಯದೇ ಸಂಕಟ. ಮನೆಯಲ್ಲಿ ಕನ್ನಡ ಅಥವಾ ತುಳು, ಶಾಲೆಯಲ್ಲಿ ಮಲಯಾಳ – ಇಂಥ ಒಬ್ಬಳು ಇಂಗ್ಲಿಷ್ ಅಕ್ಷರದಲ್ಲಿ ‘ಈ ಪದ್ಯದ ತಾಳ ಯಾವುದು’ ಅಂತ ಕೇಳುತ್ತಾಳೆ. ಬರುವ ಉತ್ತರ: ‘ಮೊದಲು ಕನ್ನಡದಲ್ಲಿ ಬರೆಯಲು ಕಲಿಯಿರಿ’. ತಾಳ ಯಾವುದು ಅಂತ ಯಾರೂ ಹೇಳಲಿಲ್ಲ. ಅದು ತ್ರಿವುಡೆ ಅಂತ ಒಂದು ಪದ ಹೇಳಿದ್ದರೆ ಸಾಕಿತ್ತು, ಅವಳು ಇನ್ನೊಂದು ಕೇಳುತ್ತಿದ್ದಳು. 1956ರಿಂದ ಈಚೆಗೆ ನಾವು ಕಳೆದುಕೊಂಡದ್ದರ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಸಿಟ್ಟನ್ನು ಕೇಳಲು ಬಂದ ಮಗುವಿನ ಮೇಲೆ ತೀರಿಸಿಕೊಂಡರೆ ಕನ್ನಡಕ್ಕೆ ಒಬ್ಬ ಕೇಳುಗಳು ಕಡಿಮೆ, ಅಷ್ಟೇ.

ಹಾಗಂತ ಎಲ್ಲವನ್ನೂ ಸುರಿಯಲು ಬಿಟ್ಟ ಬಳಗಗಳೂ ಉಂಟು. ಸಿನಿಮಾ ಹಾಡು, ಶುಭೋದಯ, ಯಾರದೋ ಹುಟ್ಟುಹಬ್ಬ. ಅವು ಇನ್ನೂ ಬೇಗ ಮುಗಿದವು; ಅವುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನನಗೆ ಮೆಚ್ಚಿಗೆಯಾದ ಒಂದು ಸಣ್ಣ ಬಳಗದಲ್ಲಿ ಒಂದೇ ಕಟ್ಟಳೆ: ಏನನ್ನೂ ಹಾಕಬಹುದು, ತೆಂಕೋ ಬಡಗೋ ಕಥಕಳಿಯೋ, ಆದರೆ ಯಾವ ಪ್ರಸಂಗ, ಯಾವ ಸಂದರ್ಭ, ನೀವು ಏನನ್ನು ಕೇಳಿ ನಿಂತಿರಿ ಅನ್ನುವುದನ್ನು ಎರಡು ಸಾಲಿನಲ್ಲಿ ಹೇಳಬೇಕು. ಯಾವ ಲಿಪಿಯಾದರೂ ಅಡ್ಡಿಯಿಲ್ಲ. ಅಲ್ಲಿ ಕಾಳಿಂಗ ನಾವಡರ ಬಡಗಿನ ಪದ್ಯವನ್ನು ತೆಂಕಿನವರು ಕೇಳ್ತಾರೆ, ತಿಟ್ಟಿನ ಜಗಳ ಮಾಡದೆ ಕೇಳ್ತಾರೆ ಅಂತಲ್ಲ, ಜಗಳ ಮಾಡುತ್ತಲೇ ಕೇಳ್ತಾರೆ.

ಪ್ರಶ್ನೋತ್ತರದಲ್ಲಿ ಒಬ್ಬ ಅಧ್ಯಾಪಕರು ಕೇಳಿದ್ದಾರೆ: “ಕಥಕಳಿ ಆಯ್ತು, ನಾಳೆ ಮಾಪಿಳ್ಳ ಪಾಟ್ಟು ಹಾಕಿದರೆ ಅದು ಕನ್ನಡ ಬಳಗ ಹೇಗಾದೀತು ಸರ್?”

ಸರ್, ಪಾರ್ತಿಸುಬ್ಬನ ಕುಂಬಳೆಯಿಂದ ತೆಂಕಕ್ಕೆ ಸ್ವಲ್ಪ ದೂರ ನಡೆದರೆ ಮೊಗ್ರಾಲ್. ಮಾಪಿಳ್ಳ ಪಾಟ್ಟಿನ ಕವಿಗಳಿಂದಾಗಿ ‘ಇಶಲ್ ಗ್ರಾಮ’ ಅಂತಲೇ ಹೆಸರಾದ ಊರು. ಆ ಹಾಡುಗಳ ಬಗ್ಗೆ ಗಂಭೀರವಾಗಿ ಮಾತಾಡಿದ ಕಾಸರಗೋಡಿನ ಟಿ. ಉಬೈದ್ ಕನ್ನಡದಿಂದ ಮಲಯಾಳಕ್ಕೆ ಅನುವಾದ ಮಾಡಿದ ಕವಿ. ನಮ್ಮ ತೆಂಕಿನ ಚೆಂಡೆ ಕೇರಳದ ಚೆಂಡೆಯ ಬಳಗದ್ದೇ. ಪಾರ್ತಿಸುಬ್ಬನ ಬಗ್ಗೆ ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟರಂಥವರು ಬರೆಯುವಾಗ ಆಚೆ ಕಡೆಯ ರಾಮನಾಟ್ಟದ ಮಾತು ಎತ್ತದೆ ಇರಲಾಗಲಿಲ್ಲ. ಹಾಕಲಿ ಸರ್. ಎರಡು ಸಾಲು ಕನ್ನಡದಲ್ಲಿ ಹೇಳಿ ಹಾಕಲಿ, ನಾವು ಕೇಳ್ತೇವೆ. ನಮಗೆ ಹಿಡಿಸದಿದ್ದರೆ ಯಾಕೆ ಹಿಡಿಸಲಿಲ್ಲ ಅಂತ ಅಲ್ಲೇ ಬರೀತೇವೆ.