ಬಸ್‌ಸ್ಟ್ಯಾಂಡಿನ ಪ್ರತಿಮೆ, ಟೆಂಡರಿನ ಭಾಷೆ

ನವ್ಯದ ಕಾಲದಿಂದಲೂ ನಮ್ಮ ವಿಮರ್ಶೆ ಕವಿತೆಯೊಳಗೆ ಪ್ರತಿಮೆ ಹುಡುಕುತ್ತ ಬಂದಿದೆ. ಬಸ್‌ಸ್ಟ್ಯಾಂಡಿನ ಮುಂದೆ ಬಿಸಿಲಿಗೆ ನಿಂತ ಪ್ರತಿಮೆ ಮಾತ್ರ ಅದರ ಕಣ್ಣಿಗೆ ಬೀಳಲಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಓಡಾಡುವವರಿಗೆ ಕೇರಿಯ ಬಾಯಿಗೆ ನಿಂತ ನೀಲಿ ಕೋಟಿನ ಬಾಬಾಸಾಹೇಬರು ಪರಿಚಿತರು. ಅವರನ್ನು ಮಾಡಿದ ಕೈ ಯಾರದು, ಆ ಕೈಗೆ ಕೆಲಸ ಕೊಟ್ಟವರು ಯಾರು ಎಂದು ನಾನೂ ಕೇಳಿದವನಲ್ಲ. ಅಣ್ಣನ ಮಗ ಒಂದು ಟೆಂಡರ್ ನೋಟೀಸು ಹಿಡಕೊಂಡು ಮನೆಗೆ ಬಂದಾಗ ಕೇಳಬೇಕಾಯಿತು. "ಕಾಕಾ, ಇದನ್ನೊಂದೀಟು ಓದಿ ಹೇಳ್ರಿ. ಕನ್ನಡದಾಗ ಐತಿ, ಆದ್ರ ತಿಳಿವಲ್ದು."

ಹುಡುಗ ಮಣ್ಣೆತ್ತಿನ ಅಮಾವಾಸ್ಯೆಗೆ ಎರಿ ಮಣ್ಣಿನ ಎತ್ತು ಮಾಡುತ್ತ ಕೈ ಪಳಗಿಸಿಕೊಂಡವ, ಮುಂದೆ ಚಿತ್ರಕಲೆ ಕಲಿತವ. ದೊಡ್ಡ ಶಿಲ್ಪಿಗಳ ಕೈಕೆಳಗೆ ಕಂಬಿ ಕಟ್ಟಿದ್ದಾನೆ, ಸಿಮೆಂಟು ಕಲಸಿದ್ದಾನೆ, ಎಷ್ಟೋ ಮೂರ್ತಿಗಳ ಮುಖ ತಿದ್ದಿದ್ದಾನೆ. ಎಲ್ಲೂ ಅವನ ಹೆಸರಿಲ್ಲ. ನೋಟೀಸು ಕೇಳಿದ್ದು 'ಇದೇ ಸ್ವರೂಪದ ಕೆಲಸ ಪೂರೈಸಿದ ಪ್ರಮಾಣಪತ್ರ', ವಾರ್ಷಿಕ ವಹಿವಾಟು, ಇಸಾರು ಠೇವಣಿ. ಮಾಡಿದವನಿಗೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರ ಇದ್ದವನು ಮಾಡಿಲ್ಲ. ಅನುಭವ ಎನ್ನುವ ಶಬ್ದ ಇಲ್ಲಿ ಎಷ್ಟು ತಣ್ಣಗೆ ಜಾತಿಯ ಕೆಲಸ ಮಾಡುತ್ತದೆ ನೋಡ್ರಿ. ಅರ್ಜಿ ಹಾಕಿದೆವು, ತಾಂತ್ರಿಕ ಲಕೋಟೆಯಲ್ಲೇ ಬಿದ್ದುಹೋಯಿತು. ದರದ ಲಕೋಟೆ ಒಡೆಯಲೇ ಇಲ್ಲ.

ಬಿದ್ದ ಮೇಲೆ ನಾನು ಟೆಂಡರನ್ನು ಒಂದು ಪಠ್ಯವೆಂದು ಓದಲು ಕುಂತೆ. 1999ರ ಪಾರದರ್ಶಕತೆ ಕಾಯಿದೆಗೆ ತಂದ ತಿದ್ದುಪಡಿಯಿಂದ 50 ಲಕ್ಷದೊಳಗಿನ ನಿರ್ಮಾಣ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಮೀಸಲು ಬಂತು. 2023ರಲ್ಲಿ ಆ ಮಿತಿ ಒಂದು ಕೋಟಿಗೆ ಏರಿತು. ಆದರೆ ಮೂರ್ತಿ 'ಕಾಮಗಾರಿ'ಯೋ 'ಸರಕು' ಖರೀದಿಯೋ? ಕಟ್ಟೆ, ಕಂಪೌಂಡು, ಕಾರಂಜಿ ಕಾಮಗಾರಿ ಆಗುತ್ತವೆ. ಬಾಬಾಸಾಹೇಬರು ಕುರ್ಚಿ ಮೇಜಿನ ಹಂಗ ಸರಕಾದರೆ ಮೀಸಲಾತಿ ಅವರ ಕಟ್ಟೆಯ ತನಕ ಬಂದು ನಿಲ್ಲುತ್ತದೆ! ಈ ಒಂದು ಶಬ್ದದ ಮೇಲೆ ನಮ್ಮ ಹುಡುಗರ ಹೊಟ್ಟೆ ನಿಂತಿದೆ. ಇದನ್ನು ಟೆಂಡರ್ ಪೂರ್ವ ಸಭೆಯಲ್ಲಿ ಲಿಖಿತವಾಗಿ ಕೇಳಬೇಕಿತ್ತು. ಸಹಶಿಲ್ಪಿಯಾಗಿ ದುಡಿದದ್ದನ್ನೂ ಅನುಭವವೆಂದು ಹಿಡಿಯಿರಿ ಎಂದೂ ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ, ನಮ್ಮ ತಪ್ಪು. ತಿರಸ್ಕಾರದ ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ ಎಂಬುದು ನಮಗೆ ಗೊತ್ತಾದದ್ದು ನಲವತ್ತನೆಯ ದಿನ.

ಇನ್ನೊಂದು ಊರಿನ ಪಂಚಾಯಿತಿಯವರು ಮೂರ್ತಿ ಬೇಕೆಂದಾಗ ಹುಡುಗ ಮೊದಲೇ ಮಾದರಿ ಮಾಡಿದ. 1927ರ ಮಾರ್ಚ್ 20, ಮಹಾಡಿನ ಚವದಾರ್ ಕೆರೆ. ಬಾಬಾಸಾಹೇಬರು ಬಾಗಿ ಬೊಗಸೆಯಲ್ಲಿ ನೀರು ಎತ್ತುತ್ತಿದ್ದಾರೆ. ನನಗೆ ಮೈ ಜುಮ್ಮೆಂದಿತು. ಕೆರೆಯ ನೀರೇ ಗತಿಯಾದ ಈ ಎರಿ ಸೀಮೆಗೆ, ಮಹಾದಾಯಿಗಾಗಿ 2015ರಿಂದ ಬೀದಿಗಿಳಿದ ನವಲಗುಂದದ ನೆಲಕ್ಕೆ ಇದಕ್ಕಿಂತ ಬೇರೆ ಪ್ರತಿಮೆ ಬೇಕೆ? ಸಂಸತ್ತಿಗಾಗಿ ಬಿ.ವಿ. ವಾಘ್ ಮಾಡಿದ, 1967ರಲ್ಲಿ ಅನಾವರಣಗೊಂಡ ಕಂಚಿನ ಮೂರ್ತಿಯ ಬೆರಳನ್ನೇ ಎಷ್ಟು ಸಲ ನಕಲು ಮಾಡುವುದು ಎಂದು ಭಾಷಣವನ್ನೂ ಬಿಗಿದೆ.

ಕೇರಿಯ ಹಿರಿಯಳೊಬ್ಬಳು ಮಾದರಿಯನ್ನು ಸುತ್ತಿ ನೋಡಿ ಹೇಳಿದಳು: "ಚಂದ ಐತಿ ತಮ್ಮಾ. ಆದ್ರ ಬಗ್ಗಿದ್ದು ಬ್ಯಾಡ. ನಾವು ಇಷ್ಟ ದಿನ ಬಗ್ಗೇವಿ, ಅವರರ ನೆಟ್ಟಗ ನಿಂದರ್ಲಿ."

ನನ್ನ ವಿಮರ್ಶೆ ಅಲ್ಲಿಗೆ ಬಾಯಿ ಮುಚ್ಚಿತು. ನಕಲು ಎಂದು ನಾನು ಹೀಗಳೆದದ್ದು ಆ ಮುದುಕಿಗೆ ನೆಟ್ಟಗಿನ ಬೆನ್ನು. ಹಾಗೆಂದು ಹುಡುಗನ ಕಲ್ಪನೆ ಸುಳ್ಳೂ ಅಲ್ಲ. ಎರಡು ದಿನ ಜಗಳಾಡಿದೆವು. ಈಗಿನ ಮಾದರಿಯಲ್ಲಿ ಮೂರ್ತಿ ನಿಂತಿದೆ, ಕೆರೆ ಕಟ್ಟೆಯ ನಾಲ್ಕೂ ಮಗ್ಗುಲಿಗೆ ಉಬ್ಬುಚಿತ್ರವಾಗಿ ಬಂದಿದೆ, ಬೊಗಸೆ ಹಿಡಿದ ಹೆಂಗಸರ ಸಮೇತ.

ಈ ಸಲದ ಅರ್ಜಿಯಲ್ಲಿ ಪಂಚಾಯಿತಿಯ ಠರಾವಿದೆ, ಜಾಗದ ಉತಾರವಿದೆ. ರಸ್ತೆ, ಫುಟ್‌ಪಾತಿನ ಮೇಲೆ ಮೂರ್ತಿಗೆ ಅನುಮತಿ ಕೊಡಬೇಡಿರೆಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರಿಂದ ಭವನದ ಅಂಗಳವನ್ನೇ ತೋರಿಸಿದ್ದೇವೆ. ಕಂಬಿ ಎಷ್ಟು, ತುಕ್ಕು ಹಿಡಿಯದಂತೆ ಏನು ಬಳಿಯುವುದು, ವರ್ಷಕ್ಕೊಮ್ಮೆ ತೊಳೆಯುವವರು ಯಾರು, ಯಾವ ಹಂತಕ್ಕೆ ಎಷ್ಟು ಹಣ ಎಲ್ಲವೂ ಇದೆ. 'ಸಿಮೆಂಟು ಕಲೆಯಲ್ಲ' ಎನ್ನುವವರಿಗೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಟಿ.ಬಿ. ಸೊಲಬಕ್ಕನವರ ಮಾಡಿದ್ದನ್ನು ನೋಡಿಬರಲು ಬರೆದಿದ್ದೇವೆ. ಹಿಂದೆ ದುಡಿದ ಒಬ್ಬ ಶಿಲ್ಪಿಯಿಂದ ಹುಡುಗ ಸಹಿ ಮಾಡಿದ ಪತ್ರ ತಂದಿದ್ದಾನೆ. ಉಳಿದವರು ಕೊಡಲಿಲ್ಲ.

ಕೊನೆಯ ಪುಟದಲ್ಲಿ ಅವನೇ ಒಂದು ಶರತ್ತು ಸೇರಿಸಿದ. ಉದ್ಘಾಟಕರ ಹೆಸರಿನ ಕಲ್ಲಿನಲ್ಲೇ, ಅದೇ ಅಳತೆಯ ಅಕ್ಷರದಲ್ಲಿ, ಮಾಡಿದವರ ಹೆಸರೂ ಕೊರೆಸಬೇಕು, ಕಂಬಿ ಕಟ್ಟಿದವರದೂ. "ಇದಕ್ಕ ಅರ್ಜಿ ಬಿದ್ದರ ಏನ್ ಮಾಡ್ತಿ?" ಅಂದೆ. "ಬೀಳ್ಲಿ ಬಿಡ್ರಿ ಕಾಕಾ, ಮೂವತ್ತ ದಿನ ಐತಲ್ಲ" ಅಂದ.