ಸೋಲುವವರಿಗಷ್ಟೇ ಗುಣಪರೀಕ್ಷೆ

ಎರ್ನಾಕುಲಂನ ಎಂ.ಜಿ. ರಸ್ತೆಯಲ್ಲಿ ‘ಸದ್ಗಮಯ’ ಎಂಬ ಮನೆಯಿದೆ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದ್ದ ಮನೆ. 2014ರ ಡಿಸೆಂಬರ್‌ನಲ್ಲಿ ಅವರು ತೀರಿಕೊಳ್ಳುವವರೆಗೂ ಅಹವಾಲು ಹಿಡಿದು ಬರುವವರಿಗೆ ಅದರ ಬಾಗಿಲು ತೆರೆದಿತ್ತು. 1987ರಲ್ಲಿ ಇವರು ರಾಷ್ಟ್ರಪತಿ ಚುನಾವಣೆಗೆ ನಿಂತಿದ್ದರು ಎಂಬುದು ಈಗಿನವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಆರ್. ವೆಂಕಟರಾಮನ್ ಅವರಿಗೆ ಬಿದ್ದ ಮತಮೌಲ್ಯ 7,40,148, ಅಯ್ಯರ್ ಅವರಿಗೆ 2,81,550. ಇದನ್ನು ಸ್ಪರ್ಧೆ ಎನ್ನುವುದೂ ಕಷ್ಟ.

ರಾಷ್ಟ್ರಪತಿ ಎಂಥವರಾಗಿರಬೇಕು ಎಂಬ ಚರ್ಚೆ ನಮ್ಮಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ. ಸಂವಿಧಾನದ 58ನೇ ವಿಧಿ ಕೇಳುವುದು ಬಹಳ ಕಡಿಮೆ: ಭಾರತದ ಪ್ರಜೆಯಾಗಿರಬೇಕು, 35 ತುಂಬಿರಬೇಕು, ಲೋಕಸಭೆಗೆ ನಿಲ್ಲುವ ಅರ್ಹತೆ ಇರಬೇಕು, ಲಾಭದ ಹುದ್ದೆಯಲ್ಲಿ ಇರಬಾರದು. ವಿದ್ವತ್ತು, ಸರಳತೆ, ಬಡತನದ ಬಾಲ್ಯ, ಜಾತಿ, ಪ್ರಾಂತ, ಪಕ್ಷಾತೀತತೆ, ಇವೆಲ್ಲ ನಾವು ಸೇರಿಸಿಕೊಂಡವು. ಸೇರಿಸಿಕೊಂಡದ್ದು ತಪ್ಪಲ್ಲ. ಆದರೆ ಈ ಚರ್ಚೆ ಶುರುವಾಗುವುದು ಯಾವಾಗ? ಹೆಸರು ಗೊತ್ತಾದ ಮೇಲೆ. ಛತ್ರ ಗೊತ್ತು ಮಾಡಿ, ಲಗ್ನಪತ್ರಿಕೆ ಹಂಚಿ, ಆಮೇಲೆ ಜಾತಕ ಬಿಚ್ಚಿದ ಹಾಗೆ.

ಗುಣ ನೋಡಿಯೇ ಆರಿಸಿದ ಅಭ್ಯರ್ಥಿಗಳು ಇಲ್ಲವೆಂದಲ್ಲ. ಇದ್ದಾರೆ, ಸೋತವರ ಪಟ್ಟಿಯಲ್ಲಿ. 1967ರಲ್ಲಿ ವಿರೋಧ ಪಕ್ಷಗಳು ಕೋಕಾ ಸುಬ್ಬರಾವ್ ಅವರನ್ನು ನಿಲ್ಲಿಸಿದವು. ಅದಕ್ಕಾಗಿ ಅವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸ್ಥಾನವನ್ನೇ ಬಿಟ್ಟು ಬಂದರು, ಜಾಕಿರ್ ಹುಸೇನ್ ಎದುರು ಸೋತರು. 1982ರಲ್ಲಿ ಎಚ್.ಆರ್. ಖನ್ನಾ, ತುರ್ತುಪರಿಸ್ಥಿತಿಯಲ್ಲಿ ಒಬ್ಬರೇ ಭಿನ್ನ ತೀರ್ಪು ಬರೆದು ಮುಖ್ಯ ನ್ಯಾಯಮೂರ್ತಿ ಪದವಿ ಕಳೆದುಕೊಂಡವರು, ಜೈಲ್ ಸಿಂಗ್ ಎದುರು ಸೋತರು. 1987ರಲ್ಲಿ ಅಯ್ಯರ್. 2025ರ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಬಿ. ಸುದರ್ಶನ ರೆಡ್ಡಿ, ಮತ್ತೊಬ್ಬ ನಿವೃತ್ತ ನ್ಯಾಯಮೂರ್ತಿ. ಗೆಲ್ಲುವ ಲೆಕ್ಕ ಕೈಯಲ್ಲಿದ್ದಾಗ ಪಕ್ಷಗಳು ತಮ್ಮವರನ್ನು ಹುಡುಕುತ್ತವೆ, ಇಲ್ಲದಿದ್ದಾಗ ನ್ಯಾಯಾಧೀಶರನ್ನು. ಇದರಲ್ಲಿ ಅರ್ಧ ಗೌರವ, ಅರ್ಧ ಬಳಕೆ. ಆ ಹಿರಿಯರಿಗೂ ಇದು ತಿಳಿಯದ್ದೇನಲ್ಲ ಎಂದೇ ನನ್ನ ನಂಬಿಕೆ.

ಅಯ್ಯರ್ ಅವರ ಸಂಗತಿಯಲ್ಲಿ ಇನ್ನೊಂದು ಸೊಗಸಿದೆ. 1974ರ ಶಂಶೇರ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠದಲ್ಲಿ ಕೂತು, ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದವರು, ಸ್ವಂತ ವಿವೇಚನೆಗೆ ಇರುವ ಜಾಗ ತೀರ ಕಿರಿದು ಎಂದು ವಿಸ್ತಾರವಾಗಿ ಬರೆದವರಲ್ಲಿ ಅವರೊಬ್ಬರು. ಪ್ರಧಾನಿಯನ್ನು ಆರಿಸುವುದು, ಬಹುಮತ ಹೋದರೂ ಕುರ್ಚಿ ಬಿಡದ ಸರ್ಕಾರವನ್ನು ಕಳಿಸುವುದು, ಸದನ ವಿಸರ್ಜಿಸುವುದು. ಅಂಥ ಬೆರಳೆಣಿಕೆಯ ಸಂದರ್ಭಗಳನ್ನಷ್ಟೇ ಅವರು ಹೊರಗಿಟ್ಟಿದ್ದರು. ಹುದ್ದೆಯ ಬೇಲಿಯನ್ನು ತಾವೇ ಹಾಕಿ, ಹದಿಮೂರು ವರ್ಷದ ನಂತರ ಅದೇ ಬೇಲಿಯೊಳಗೆ ಹೋಗಲು ನಿಂತರು. ಬೇಲಿ ಎಲ್ಲಿದೆ ಎಂದು ಬಲ್ಲವರು ಒಳಗಿರುವುದು ಒಳ್ಳೆಯದೇ ಅಲ್ಲವೇ ಎಂದು ನನಗೂ ಅನಿಸಿದ್ದುಂಟು.

ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಆ ವರ್ಷ ಗೆದ್ದವರು ಕೆಟ್ಟ ಆಯ್ಕೆಯಾಗಿರಲಿಲ್ಲ. ವೆಂಕಟರಾಮನ್ ಪಕ್ಕಾ ಕಾಂಗ್ರೆಸಿಗರು, ಪಕ್ಷದ ಅಂಕೆಯಲ್ಲೇ ಬೆಳೆದವರು. 1989ರಿಂದ 1991ರವರೆಗೆ ದೆಹಲಿಯಲ್ಲಿ ಸರ್ಕಾರಗಳು ಉರುಳಿದಾಗ ವಿ.ಪಿ. ಸಿಂಗ್, ಚಂದ್ರಶೇಖರ್, ನರಸಿಂಹರಾವ್ ಮೂವರನ್ನೂ ದೊಡ್ಡ ಗದ್ದಲವಿಲ್ಲದೆ ಕರೆದು ಕೂರಿಸಿದರು. ರಾಷ್ಟ್ರಪತಿ ಎಂದರೆ ಕರೆಂಟು ಹೋದಾಗ ತಾನಾಗಿ ಹೊತ್ತಿಕೊಳ್ಳುವ ಎಮರ್ಜೆನ್ಸಿ ದೀಪ ಎಂಬ ಹೋಲಿಕೆ ಅವರದ್ದೇ. ಪಕ್ಷಾತೀತತೆಯನ್ನು ಅಭ್ಯರ್ಥಿಯ ಹಳೆಯ ಬಯೋಡೇಟಾದಲ್ಲಿ ಹುಡುಕುವವರಿಗೆ ಇದು ತಲೆನೋವಿನ ಉದಾಹರಣೆ.

ಕರ್ನಾಟಕದವರಿಗೆ ಇದೇ ಪಾಠ 1969ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಯ ಅಂಗಳದಲ್ಲೇ ಸಿಕ್ಕಿತ್ತು. ಎಐಸಿಸಿ ಅಧಿವೇಶನಕ್ಕೆ ಬೆಂಗಳೂರಿಗೆ ಬಂದವರ ನಡುವೆ ಜುಲೈ 12ರಂದು ರಾಷ್ಟ್ರಪತಿ ಅಭ್ಯರ್ಥಿಯನ್ನು ಆರಿಸಲು ಕಾಂಗ್ರೆಸ್ ಸಂಸದೀಯ ಮಂಡಳಿ ಕೂತಿತು. ಗಾಂಧಿ ಶತಮಾನೋತ್ಸವದ ವರ್ಷ, ದಲಿತ ನಾಯಕ ಜಗಜೀವನರಾಮ್ ಆಗಲಿ ಎಂದರು ಇಂದಿರಾ ಗಾಂಧಿ. ನಮ್ಮ ನಿಜಲಿಂಗಪ್ಪನವರ ಬಣ ನೀಲಂ ಸಂಜೀವ ರೆಡ್ಡಿಯವರನ್ನು ಗಟ್ಟಿ ಮಾಡಿತು. ಆ ಕೋಣೆಯಲ್ಲಿ ಜಗಜೀವನರಾಮ್ ಅವರ ಅರ್ಹತೆಯನ್ನಾಗಲಿ ರೆಡ್ಡಿಯವರ ಅರ್ಹತೆಯನ್ನಾಗಲಿ ತೂಗಿದರೆಂದು ನನಗನ್ನಿಸುವುದಿಲ್ಲ. ತೂಗಿದ್ದು ಇಂದಿರಾ ಅವರ ಬಲವನ್ನು. ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ ಜುಲೈ 19ರಂದು ಬ್ಯಾಂಕ್ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಸಹಿ ಹಾಕಿ, ಮರುದಿನ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಕೇರಳಕ್ಕೂ ಮೈಸೂರು ರಾಜ್ಯಕ್ಕೂ ರಾಜ್ಯಪಾಲರಾಗಿದ್ದವರು ಅವರು, ಎರಡೂ ಕಡೆಗೆ ಗುರುತಿನ ಮುಖ. ಇಂದಿರಾ ಕರೆಕೊಟ್ಟ ‘ಆತ್ಮಸಾಕ್ಷಿಯ ಮತ’ ಎಂಬ ಮಾತು ಆಗ ಹುಟ್ಟಿತು. ಎರಡನೇ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿ ಗಿರಿ ರೆಡ್ಡಿಯವರ 4,05,427ಕ್ಕೆ ಎದುರಾಗಿ 4,20,077 ಪಡೆದು ಗೆದ್ದರು. ಮೂರನೆಯವರೊಬ್ಬರಿದ್ದರು: ಸಿ.ಡಿ. ದೇಶಮುಖ್, ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ಹಣಕಾಸು ಮಂತ್ರಿಯಾಗಿದ್ದವರು. ಓದು, ಆಡಳಿತ, ಸ್ವಾಭಿಮಾನ ಮೂರರಲ್ಲೂ ಉಳಿದಿಬ್ಬರಿಗಿಂತ ಒಂದು ತೂಕ ಹೆಚ್ಚು. ಅವರ ಹೆಸರು ಇವತ್ತು ಕ್ವಿಜ್‌ನಲ್ಲಿ ಬರುತ್ತದೆ.

ಕೇರಳದವರಿಗೆ ಹೆಮ್ಮೆಯ ವರ್ಷ 1997. ಇಬ್ಬರು ಅಭ್ಯರ್ಥಿಗಳೂ ಮಲಯಾಳಿ ನೆಲದವರೇ: ಕೋಟ್ಟಯಂ ಜಿಲ್ಲೆಯ ಉಳವೂರಿನ ಕೆ.ಆರ್. ನಾರಾಯಣನ್, ಪಾಲಕ್ಕಾಡಿನ ಟಿ.ಎನ್. ಶೇಷನ್. ಚುನಾವಣಾ ಆಯೋಗಕ್ಕೆ ಹಲ್ಲು ಮೂಡಿಸಿದ ಶೇಷನ್ ಅವರನ್ನು ಮಧ್ಯಮ ವರ್ಗ ದೇವರಂತೆ ಕಂಡಿತ್ತು. ಮತಪೆಟ್ಟಿಗೆಯಲ್ಲಿ ಸಿಕ್ಕಿದ್ದು 50,631. ನಾರಾಯಣನ್ ಅವರದ್ದು 9,56,290. ಆ ದಿನಗಳ ಬರಹಗಳೆಲ್ಲ ಮೊದಲ ದಲಿತ ರಾಷ್ಟ್ರಪತಿ, ಮೈಲುಗಟ್ಟಲೆ ನಡೆದು ಶಾಲೆಗೆ ಹೋದ ಹುಡುಗ, ಹೆರಾಲ್ಡ್ ಲಾಸ್ಕಿಯ ಶಿಷ್ಯ ಎಂಬ ಮೂರು ಮಾತಿನ ಸುತ್ತ ತಿರುಗಿದವು. ಮೂರೂ ನಿಜ. ಆದರೆ ಪ್ರಮಾಣವಚನವಾಗಿ ಮೂರು ತಿಂಗಳೊಳಗೆ, ಉತ್ತರಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡಿ ಎಂದು ಗುಜ್ರಾಲ್ ಮಂತ್ರಿಮಂಡಲ ಕಳಿಸಿದ ಕಡತವನ್ನು ಮರುಪರಿಶೀಲನೆಗೆಂದು ನಾರಾಯಣನ್ ಹಿಂದಕ್ಕೆ ಕಳಿಸಿದರು. ಮರುವರ್ಷ ಬಿಹಾರದ ವಿಚಾರದಲ್ಲಿ ವಾಜಪೇಯಿ ಸರ್ಕಾರಕ್ಕೂ ಅದೇ ಮರ್ಯಾದೆ. ಎರಡು ಬಣ, ಒಂದೇ ಅಳತೆಗೋಲು. ಇದನ್ನು ಮಾಡಬಲ್ಲರೇ ಎಂದು ಆಯ್ಕೆಗೆ ಮೊದಲು ಯಾರೂ ಕೇಳಿರಲಿಲ್ಲ.

ನನ್ನ ತಕರಾರು ಇಲ್ಲಿಯೇ. ನಾವು ಕೇಳುವುದು ಎಲ್ಲಿಂದ ಬಂದರು ಎಂದು. ಕೇಳಬೇಕಾದದ್ದು ರಾತ್ರಿ ಹನ್ನೊಂದಕ್ಕೆ ಕಡತ ಬಂದರೆ ಏನು ಮಾಡುತ್ತಾರೆ ಎಂದು.

1975ರ ಜೂನ್ 25ರ ರಾತ್ರಿ ಅಂಥ ಕಡತವೊಂದು ಬಂದಿತ್ತು, ತುರ್ತುಪರಿಸ್ಥಿತಿ ಘೋಷಣೆಯದ್ದು. ಹಿಂದಿನ ದಿನವಷ್ಟೇ ಇದೇ ಕೃಷ್ಣ ಅಯ್ಯರ್, ರಜಾಕಾಲದ ನ್ಯಾಯಮೂರ್ತಿಯಾಗಿ, ಲೋಕಸಭೆಯ ಆಯ್ಕೆ ರದ್ದಾಗಿದ್ದ ಇಂದಿರಾ ಗಾಂಧಿಯವರಿಗೆ ಷರತ್ತಿನ ತಡೆಯಾಜ್ಞೆ ಕೊಟ್ಟಿದ್ದರು: ಪ್ರಧಾನಿಯಾಗಿ ಇರಬಹುದು, ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ. ಮಂತ್ರಿಮಂಡಲ ಇನ್ನೂ ಸೇರಿರಲಿಲ್ಲ. ಸೇರಿದ್ದು ಮರುದಿನ ಬೆಳಗ್ಗೆ. ‘ಮಂತ್ರಿಮಂಡಲದ ತೀರ್ಮಾನ ಎಲ್ಲಿ?’ ಎಂಬ ಒಂದೇ ಪ್ರಶ್ನೆ ಸಾಕಿತ್ತು. ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದರು. ಕೇಂಬ್ರಿಜ್‌ನಲ್ಲಿ ಓದಿದವರು, ಸಭ್ಯರು, ಅನುಭವಿ. ಯಾವ ಗುಣಪಟ್ಟಿಯಲ್ಲೂ ತೇರ್ಗಡೆ. ಆ ಡಿಸೆಂಬರಿನಲ್ಲಿ ಮಾವೇಲಿಕ್ಕರದ ಅಬು ಅಬ್ರಹಾಂ ಬರೆದ ವ್ಯಂಗ್ಯಚಿತ್ರದಲ್ಲಿ ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿದ್ದಾರೆ, ಸಹಿಯಾದ ಕಾಗದವನ್ನು ಬಾಗಿಲ ಸಂದಿಗೆ ಚಾಚುತ್ತಿದ್ದಾರೆ, ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲಿ ಎನ್ನುತ್ತಿದ್ದಾರೆ. ರಾಷ್ಟ್ರಪತಿ ಹುದ್ದೆಯ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಕಂಡಿಲ್ಲ.

ಇದಕ್ಕೆ ಎದುರಾಗಿ ನಮ್ಮ ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರನ್ನು ನೆನೆಯಿರಿ. 1977ರ ಏಪ್ರಿಲ್‌ನಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದಾಗ, ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಜನತಾ ಸರ್ಕಾರದ ಕಡತಕ್ಕೆ ತಕ್ಷಣ ಸಹಿ ಹಾಕಲು ಹಿಂಜರಿದರು. ಮಂತ್ರಿಮಂಡಲದ ಸಲಹೆಯನ್ನು ಕಡ್ಡಾಯ ಮಾಡಿದ 42ನೇ ತಿದ್ದುಪಡಿ ಬಂದಾಗಿತ್ತು, ಕಡತ ವಾಪಸ್ ಕಳಿಸುವ ಅವಕಾಶ ಕೊಟ್ಟ 44ನೇ ತಿದ್ದುಪಡಿ ಇನ್ನೂ ಬಂದಿರಲಿಲ್ಲ. ಕಾನೂನಿನ ಆಸರೆಯಿಲ್ಲದ ಹಿಂಜರಿಕೆ ಅದು. ಕೊನೆಗೆ ಸಹಿ ಹಾಕಿದರು, ಕಾಂಗ್ರೆಸ್ ನಿಷ್ಠೆ ಎಂದು ಬೈಸಿಕೊಂಡರು. ಇರಬಹುದು. ಆದರೂ ಪೆನ್ನು ಎತ್ತಿ ಹಿಡಿದು ಒಂದು ಗಳಿಗೆ ನಿಂತ ಆ ಕೈಯನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ.

ಅಬ್ದುಲ್ ಕಲಾಂ ಅವರ ಬಗ್ಗೆ ತಿರುವನಂತಪುರದಲ್ಲಿ ಟೀಕೆಯ ಮಾತಾಡುವುದು ಕಷ್ಟ. ತುಂಬಾದ ಇಗರ್ಜಿಯಲ್ಲಿ ರಾಕೆಟ್ ಕೆಲಸ ಶುರುವಾದ ಕಾಲದಿಂದ ಆ ಊರಿಗೆ ಅವರು ಮನೆಯವರು. ಆದರೆ 2005ರ ಮೇ ತಿಂಗಳ ಒಂದು ರಾತ್ರಿ ಮಾಸ್ಕೋದಲ್ಲಿದ್ದ ಅವರಿಗೆ ಬಿಹಾರ ವಿಧಾನಸಭೆ ವಿಸರ್ಜನೆಯ ಕಾಗದ ಹೋಯಿತು, ಅವರು ಒಪ್ಪಿದರು. ಅದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಆಮೇಲೆ ಹೇಳಿತು. ಜನಪ್ರೀತಿಗೂ ಈ ಕೆಲಸಕ್ಕೂ ಸಂಬಂಧ ಕಡಿಮೆ.

ಇನ್ನು 2022. ವಿರೋಧ ಪಕ್ಷಗಳು ಕೇಳಿಕೊಂಡರೂ ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಮೂವರೂ ಒಲ್ಲೆ ಎಂದರು. ಸಿಕ್ಕವರು ಯಶವಂತ ಸಿನ್ಹಾ, ವಾಜಪೇಯಿ ಸರ್ಕಾರದ ಹಣಕಾಸು ಮಂತ್ರಿ, 2018ರವರೆಗೆ ಬಿಜೆಪಿಯಲ್ಲೇ ಇದ್ದವರು. ಎದುರಿಗೆ ಸಂತಾಲ ಸಮುದಾಯದ ದ್ರೌಪದಿ ಮುರ್ಮು. ಹೀಗಾಗಿ ಬಿಜೆಪಿಗೆ ಆಗ ಒಬ್ಬ ಶಾಸಕನೂ ಇಲ್ಲದಿದ್ದ ಕೇರಳ ವಿಧಾನಸಭೆಯಲ್ಲಿ ಎಡರಂಗವೂ ಐಕ್ಯರಂಗವೂ ಅಕ್ಕಪಕ್ಕ ಸಾಲುಗಟ್ಟಿ ಬಿಜೆಪಿಯ ಹಳೆಯ ಮಂತ್ರಿಗೆ ಮತ ಹಾಕಿದವು. ಇಷ್ಟು ದಿನ ಸೋಲಿಗಾದರೂ ಗುಣ ಹುಡುಕುತ್ತಿದ್ದರು. ಆ ವರ್ಷ ಅದಕ್ಕೂ ಪುರುಸೊತ್ತಿರಲಿಲ್ಲ.

ಕೇರಳದ ಶಾಸಕರ ಮತದ ಮೌಲ್ಯ 152. ತಲಪಾಡಿ ಗಡಿ ದಾಟಿದರೆ ಕರ್ನಾಟಕದ ಶಾಸಕರದ್ದು 131. 1971ರ ಜನಗಣತಿಯ ಲೆಕ್ಕ ಇದು. ಮಂಜೇಶ್ವರದ ಆಗಿನ ಶಾಸಕರು ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡವರು, ಅವರ ಮತ ಪಕ್ಕದ ಮಂಗಳೂರಿನವರದ್ದಕ್ಕಿಂತ 21 ಹೆಚ್ಚು. ಮತದಾನ ಗುಪ್ತ, ಪಕ್ಷದ ವಿಪ್ ಇಲ್ಲ, ಆಯೋಗವೇ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲಿ ಗುರುತು ಹಾಕಬೇಕು. 2022ರ ಜುಲೈ 21ರಂದು ಎಣಿಸಿದಾಗ ಕೇರಳದ 140ರಲ್ಲಿ 139 ಸಿನ್ಹಾ ಅವರಿಗೆ, ಒಂದು ಮುರ್ಮು ಅವರಿಗೆ. ಕೆಲವು ದಿನ ತಿರುವನಂತಪುರದಲ್ಲಿ ಅದೇ ಮಾತು. ಎಲ್ಲರೂ ತಾನಲ್ಲ, ತಾನಲ್ಲ ಎಂದರು.