ಇಂಗ್ಲೀಷಿನ ನಿರ್ಧಾರಕ ಪದಗಳೂ ವಿಶೇಷಣಸಂಜ್ಞೆಯೂ

ಇಂಗ್ಲೀಷು ಭಾಷೆಯಲ್ಲಿ ನಾಮಪದದ ಮುಂದೆ ನಿಲ್ಲುವ ಎ, ಆನ್, ದಿ, ದಿಸ್, ಮೈ, ಸಮ್, ಎವ್ರಿ ಮುಂತಾದ ಚಿಕ್ಕ ಪದಗಳು ಯಾವ ವರ್ಗಕ್ಕೆ ಸೇರಿದುವೆಂಬ ವಿಚಾರವು ಮೇಲುನೋಟಕ್ಕೆ ಅಲ್ಪವೆನಿಸಬಹುದು. ಆದರೆ ಕನ್ನಡ ಮಾತೃಭಾಷೆಯಾಗುಳ್ಳ ವಿದ್ಯಾರ್ಥಿಯು ಉನ್ನತ ತರಗತಿಗಳನ್ನು ದಾಟಿದ ಮೇಲೆಯೂ ಈ ಪದಗಳಲ್ಲಿಯೇ ಎಡವುತ್ತಿರುವುದನ್ನು ನೋಡಿದರೆ, ದೋಷವು ಅವನ ಬುದ್ಧಿಯಲ್ಲಿಲ್ಲ, ಅವನಿಗೆ ಕೊಟ್ಟ ಲಕ್ಷಣದಲ್ಲಿದೆಯೆಂದು ಹೇಳಬೇಕಾಗುತ್ತದೆ.

ಲಿಂಡ್ಲೆ ಮರ್ರೆಯು 1795ರಲ್ಲಿ ರಚಿಸಿದ ವ್ಯಾಕರಣವು ಆರ್ಟಿಕಲ್ಲನ್ನು ಪ್ರತ್ಯೇಕ ಪದಜಾತಿಯಾಗಿ ಎಣಿಸಿತ್ತು. ಅನಂತರ ಭಾರತದ ಪಾಠಶಾಲೆಗಳಲ್ಲಿ ಬಹುಕಾಲ ಪ್ರಮಾಣವೆನಿಸಿದ ನೆಸ್‌ಫೀಲ್ಡನ ಗ್ರಂಥವೂ, ಇಂದಿಗೂ ಓದಿಸಲ್ಪಡುತ್ತಿರುವ ರೆನ್ ಮತ್ತು ಮಾರ್ಟಿನ್ನರ ಗ್ರಂಥವೂ ಅದನ್ನು ವಿಶೇಷಣದಲ್ಲಿಯೇ ಅಡಗಿಸಿದುವು. ಪದಜಾತಿಗಳ ಸಂಖ್ಯೆ ಕಡಮೆಯಾದುದೇನೋ ನಿಜ. ಲಾಘವವು ವೈಯಾಕರಣನಿಗೆ ಪ್ರಿಯವಾದುದೂ ಹೌದು. ಆದರೆ ಲಕ್ಷ್ಯವನ್ನು ಕೆಡಿಸುವ ಲಾಘವವು ಗುಣವೆನಿಸದು.

ವಿಶೇಷಣದ ಸ್ವಭಾವವೇನು? ಒಂದರ ಮೇಲೊಂದನ್ನು ಎಷ್ಟಾದರೂ ಪೇರಿಸಬಹುದು, ವಿಧೇಯಸ್ಥಾನದಲ್ಲಿಯೂ ಇಡಬಹುದು. ಬಿಗ್ ರೆಡ್ ಬುಕ್ ಎಂಬುದೂ ಸಾಧು, ದಿ ಬುಕ್ ಈಸ್ ರೆಡ್ ಎಂಬುದೂ ಸಾಧು. ದಿ ಎಂಬುದಕ್ಕೆ ಇವೆರಡೂ ಸಲ್ಲವು. ದಿ ಮೈ ಬುಕ್ ಎಂದಾಗಲಿ, ದಿ ಬುಕ್ ಈಸ್ ದಿ ಎಂದಾಗಲಿ ಯಾವ ಆಂಗ್ಲೇಯನೂ ನುಡಿಯನು. ಮೇಲಾಗಿ ವಿಶೇಷಣವನ್ನು ಬಿಟ್ಟರೆ ವಾಕ್ಯವು ಕೆಡದು. ಆದರೆ ಎಣಿಕೆಗೆ ಬರುವ ವಸ್ತುವಿನ ಏಕವಚನವು ಎ, ದಿ, ಮೈ ಮೊದಲಾದುವುಗಳಲ್ಲಿ ಒಂದಿಲ್ಲದೆ ಸಾಮಾನ್ಯವಾಗಿ ನಿಲ್ಲದು. ಹಿ ಈಸ್ ಟೀಚರ್ ಎಂಬ ಪ್ರಯೋಗವು ಅಸಾಧುವಾಗುವುದು ಈ ಕಾರಣದಿಂದಲೇ.

ಆಲ್ ದಿ ಬುಕ್ಸ್, ದಿ ಟು ಬುಕ್ಸ್ ಎಂಬಲ್ಲಿ ಎರಡೆರಡು ಕೂಡಿವೆಯಲ್ಲಾ ಎಂದು ಪೂರ್ವಪಕ್ಷವನ್ನು ಮಾಡಬಹುದು. ಇಲ್ಲಿ ಸ್ಥಾನಭೇದವೇ ಉತ್ತರ. ಕ್ವರ್ಕ್ ಮತ್ತು ಆತನ ಸಹಕಾರಿಗಳು 1985ರ ಬೃಹದ್ವ್ಯಾಕರಣದಲ್ಲಿ ಪೂರ್ವ, ಮಧ್ಯ, ಉತ್ತರವೆಂದು ಮೂರು ಸ್ಥಾನಗಳನ್ನು ಹೇಳಿದ್ದಾರೆ. ಆಲ್ ಎಂಬುದು ಪೂರ್ವಸ್ಥಾನದ್ದು, ಟು ಎಂಬುದು ಉತ್ತರಸ್ಥಾನದ್ದು. ಎ, ದಿ, ದಿಸ್, ಮೈ ಇವೆಲ್ಲ ಮಧ್ಯದವು. ಆ ಪೀಠದಲ್ಲಿ ಒಬ್ಬನೇ ಕೂಡಬೇಕು. 1933ರಲ್ಲಿಯೇ ಬ್ಲೂಮ್‌ಫೀಲ್ಡನು ಇಂಥವನ್ನು ಡಿಟರ್ಮಿನರ್ ಎಂಬ ಸಂಜ್ಞೆಯಿಂದ ಬೇರ್ಪಡಿಸಿದ್ದನು. ಆತನೂ ಅವನ್ನು ವಿಶೇಷಣದ ಒಳಭೇದವೆಂದೇ ಇಟ್ಟುಕೊಂಡನೆಂಬುದನ್ನು ಮರೆಯತಕ್ಕುದಲ್ಲ. ಆದರೂ ಭೇದವನ್ನು ಕಂಡನು. ಶಾಲೆಯ ಪುಸ್ತಕಗಳು ಅಷ್ಟನ್ನೂ ಕಾಣಲಿಲ್ಲ.

ಕನ್ನಡಿಗನಿಗೆ ಹಾನಿಯಾಗುವುದು ಇಲ್ಲಿಯೇ. ಕನ್ನಡದಲ್ಲಿ ‘ನನ್ನ ಆ ಪುಸ್ತಕ’ ಎನ್ನಬಹುದು. ‘ನನ್ನ ಒಬ್ಬ ಸ್ನೇಹಿತ’ ಎನ್ನಬಹುದು. ಷಷ್ಠ್ಯಂತಕ್ಕೂ ಸಂಖ್ಯಾವಾಚಕಕ್ಕೂ ನಮ್ಮ ಭಾಷೆಯಲ್ಲಿ ವೈರವಿಲ್ಲ. ಆದುದರಿಂದ ಬಾಲಕನು ಮೈ ಒನ್ ಫ್ರೆಂಡ್ ಎಂದು ಬರೆಯುತ್ತಾನೆ. ಇವೆಲ್ಲ ವಿಶೇಷಣಗಳೆಂದು ಕಲಿಸಿದ ಮೇಲೆ ಅವನು ವಿಶೇಷಣಗಳನ್ನು ಪೇರಿಸಿದುದರಲ್ಲಿ ತಪ್ಪೇನು? ಮೈ ಎಂಬುದು ಆಗಲೇ ಪೀಠವನ್ನು ಹಿಡಿದಿದೆಯೆಂದು ತಿಳಿಸಿದರೆ, ಎ ಫ್ರೆಂಡ್ ಆಫ್ ಮೈನ್ ಎಂದು ಆಂಗ್ಲೇಯನು ಸುತ್ತಿಬಳಸಿ ನುಡಿಯುವ ಕಾರಣವೂ ಅವನಿಗೆ ತಾನಾಗಿ ಹೊಳೆಯುವುದು.

ಮೊದಲು ಹೇಳಿದಾಗ ಎ, ಮರಳಿ ಹೇಳಿದಾಗ ದಿ ಎಂಬ ಪ್ರಸಿದ್ಧ ನಿಯಮವೂ ಅವ್ಯಾಪ್ತಿದೋಷದಿಂದ ಕೂಡಿದೆ. ಬೈಸಿಕಲ್ಲೊಂದನ್ನು ಕೊಂಡೆನೆಂದು ಹೇಳಿದವನು ಒಡನೆಯೇ ದಿ ಬೆಲ್ ಈಸ್ ಬ್ರೋಕನ್ ಎನ್ನುತ್ತಾನೆ. ಗಂಟೆಯ ಪ್ರಸ್ತಾಪವು ಹಿಂದೆ ಎಲ್ಲಿಯೂ ಬಂದಿಲ್ಲ. ಆದರೂ ಯಾವ ಗಂಟೆಯೆಂಬುದು ಕೇಳುವವನ ಬುದ್ಧಿಗೆ ನಿಲುಕುತ್ತದೆ. ಶ್ರೋತೃವಿಗೆ ವಸ್ತುವಿನ ಗುರುತು ಸಾಧ್ಯವೆಂಬುದೇ ದಿ ಎಂಬುದರ ಬೀಜ. ಪುನರುಕ್ತಿಯು ಆ ಗುರುತಿಗೆ ಒಂದು ನಿಮಿತ್ತ ಮಾತ್ರ. ಕನ್ನಡದಲ್ಲಿಯೂ ‘ಪುಸ್ತಕ ತಂದನು’ ಎಂಬುದಕ್ಕೂ ‘ಪುಸ್ತಕವನ್ನು ತಂದನು’ ಎಂಬುದಕ್ಕೂ ಇರುವ ಸೂಕ್ಷ್ಮವ್ಯತ್ಯಾಸವನ್ನು ಇಲ್ಲಿ ದೃಷ್ಟಾಂತವಾಗಿ ತೋರಿಸಬಹುದು. ಎರಡನೆಯದು ಸಾಧಾರಣವಾಗಿ ಗೊತ್ತಾದ ಪುಸ್ತಕವನ್ನು ಸೂಚಿಸುವುದು. ದ್ವಿತೀಯಾ ವಿಭಕ್ತಿಯೇ ದಿ ಎಂದು ಮಾತ್ರ ಯಾರೂ ಸಮೀಕರಿಸಬಾರದು.

ಇನ್ನು ಜಾತಿಯ ವಿಚಾರ. ಶಬ್ದದ ಅರ್ಥವು ಜಾತಿಯೆಂದು ವಾಜಪ್ಯಾಯನನೂ ದ್ರವ್ಯವೆಂದು ವ್ಯಾಡಿಯೂ ವಾದಿಸಿದುದು ಮಹಾಭಾಷ್ಯವನ್ನು ಓದಿದವರಿಗೆ ಹೊಸತಲ್ಲ. ಜಾತಿಯನ್ನು ಹೇಳುವಾಗ ಏಕವಚನದ ಎಡೆಯಲ್ಲಿ ಬಹುವಚನವೂ ವಿಕಲ್ಪವಾಗಿ ಬರಬಹುದೆಂದು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ಎರಡನೆಯ ಪಾದದ 58ನೆಯ ಸೂತ್ರವು ವಿಧಿಸುತ್ತದೆ. ಇಂಗ್ಲೀಷಿನಲ್ಲಿಯೂ ಹುಲಿಯ ಜಾತಿಯನ್ನು ಎ ಟೈಗರ್, ದಿ ಟೈಗರ್, ಟೈಗರ್ಸ್ ಎಂದು ಮೂರು ಬಗೆಯಾಗಿ ಹೇಳುತ್ತಾರೆ. ಇವು ಸಮಾನವೆಂದು ಶಾಲೆಯ ಪುಸ್ತಕಗಳು ಹೇಳಿ ಮುಗಿಸುವುದುಂಟು. ಅದು ಅಸಂಗತ. ಮಾಂಸಭಕ್ಷಣವು ಪ್ರತಿಯೊಂದು ಹುಲಿಯಲ್ಲಿಯೂ ಇರುವ ಧರ್ಮವಾದುದರಿಂದ ಅಲ್ಲಿ ಮೂರೂ ಸಲ್ಲುತ್ತವೆ. ವಿರಳವಾಗುವಿಕೆಯಾದರೋ ಸಮಸ್ತ ಜಾತಿಯ ಧರ್ಮ. ಒಂದು ಹುಲಿಯು ತಾನೊಂದೇ ವಿರಳವಾಗಲಾರದು. ಅಲ್ಲಿ ದಿ ಟೈಗರ್, ಟೈಗರ್ಸ್ ಎಂಬುವೇ ಯುಕ್ತ. ಎ ಟೈಗರ್ ಸಲ್ಲದು. ಮನುಷ್ಯವಾಚಕವಾದ ಮ್ಯಾನ್ ಎಂಬ ಶಬ್ದವಾದರೋ ಈ ಯಾವ ಸಹಾಯವೂ ಇಲ್ಲದೆ ಬರಿಯ ಏಕವಚನದಲ್ಲಿಯೇ ಜಾತಿಯನ್ನು ಹೇಳುತ್ತದೆ. ಅದನ್ನು ಅಪವಾದವೆಂದೇ ಓದಿಸಬೇಕು.